ಏಳು ಕ್ಲಾಸಿಗೆ ಐದು ಮಂದಿ: ವಿದ್ಯಾಭ್ಯಾಸ ಅಧಿಕಾರಿಗಳಿಗೆ ಒಬ್ಬ ಟೈಲರನ ಬಹಿರಂಗ ಪತ್ರ

ಕಾಸರಗೋಡಿನ ಕನ್ನಡ ಶಾಲೆಗಳ ಹೊಣೆ ಹೊತ್ತಿರುವ ವಿದ್ಯಾಭ್ಯಾಸ ಅಧಿಕಾರಿಗಳಿಗೆ
ಪ್ರತಿ: ನಮ್ಮ ಶಾಲೆಯ ಎಲ್ಲ ರಕ್ಷಕರಿಗೆ

ಮಾನ್ಯರೇ,

ನಮಸ್ಕಾರ. ನಾನೊಬ್ಬ ಟೈಲರ್. ಕರ್ನಾಟಕದ ಗಡಿಗೆ ತಾಗಿಕೊಂಡ ಪಂಚಾಯತಿನ ಪೇಟೆಯಲ್ಲಿ ಸಣ್ಣ ಅಂಗಡಿ ಇದೆ. ಗಂಡಸರ ಮತ್ತು ಮಕ್ಕಳ ಹೊಲಿಗೆ ನನ್ನದು, ಹೆಂಗಸರ ಹೊಲಿಗೆ ನನ್ನ ಹೆಂಡತಿಯದ್ದು. ಸಣ್ಣ ಮಗಳು ಇಲ್ಲಿನ ಸರ್ಕಾರಿ ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಆರನೇ ಕ್ಲಾಸು. ಕಳೆದ ಜುಲೈಯಿಂದ ನಾನು ಅಲ್ಲಿನ ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷ. ದೊಡ್ಡ ಸಾಮರ್ಥ್ಯ ನೋಡಿ ಮಾಡಿದ್ದಲ್ಲ. ಮಹಾಸಭೆಯ ದಿನ ಯಾರೂ ಒಪ್ಪಲಿಲ್ಲ, ನನ್ನ ಅಂಗಡಿ ಶಾಲೆಗೆ ಹತ್ತಿರ, ಅಷ್ಟೇ.

ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ವಿವರಣೆ ಕೊಡಬೇಕಾದವರು ಅಲ್ಲಿನ ಟೀಚರುಗಳು. ಅವರಿಗೆ ಈಗ ಇರುವ ಬರವಣಿಗೆಯೇ ಜಾಸ್ತಿಯಾಗಿದೆ.

ಸರ್ಕಾರ ಉಚಿತವಾಗಿ ಕೊಡುವ ಕೈಮಗ್ಗದ ಯೂನಿಫಾರ್ಮ್ ಬಟ್ಟೆ ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನನ್ನ ಮೇಜಿಗೆ ಬರುತ್ತದೆ. ಹಾಗಾಗಿ ಶಾಲೆಯ ಮಕ್ಕಳ ಲೆಕ್ಕ ನಿಮ್ಮ ಕಂಪ್ಯೂಟರಿಗೆ ಗೊತ್ತಾಗುವ ಮೊದಲೇ ನನ್ನ ಅಳತೆ ಪುಸ್ತಕಕ್ಕೆ ಗೊತ್ತು. ಆರು ವರ್ಷ ಹಿಂದೆ 170 ಮಕ್ಕಳ ಅಳತೆ ತೆಗೆದಿದ್ದೆ. ಹೋದ ಜೂನಿನಲ್ಲಿ 118. ಉಳಿದವರು ಎಲ್ಲಿಗೆ ಹೋದರು ಎನ್ನುವುದೂ ಗೊತ್ತು. ಟೈ ಕಟ್ಟುವ ಶಾಲೆಗೆ. ಆ ಯೂನಿಫಾರ್ಮೂ ನಾನೇ ಹೊಲಿಯುವುದು. ಅದರಲ್ಲಿ ದುಡ್ಡು ಜಾಸ್ತಿ. ಆದರೂ ಹೋದ ವರ್ಷ ಕೈಮಗ್ಗದ ಬಟ್ಟೆಯಲ್ಲಿ ಅಳತೆ ಕೊಟ್ಟ ಮಗು ಈ ವರ್ಷ ಬೇರೆ ಬಣ್ಣದ ಬಟ್ಟೆ ಹಿಡಿದುಕೊಂಡು ಬಂದು ನಿಂತಾಗ, ಟೇಪು ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಒಂದರಿಂದ ಏಳರವರೆಗೆ ಕ್ಲಾಸುಗಳಿವೆ. ಅರಬಿ, ಹಿಂದಿ ಬಿಟ್ಟರೆ ಕ್ಲಾಸಿಗೊಬ್ಬರಂತೆ ಏಳು ಮಂದಿ, ಮೇಲೊಬ್ಬ ಹೆಡ್‌ಮಾಸ್ಟ್ರು, ಹೀಗೆ ಎಂಟು ಹುದ್ದೆ. ಹೆಡ್‌ಮಾಸ್ಟ್ರು ಮೇ 31ಕ್ಕೆ ನಿವೃತ್ತರಾದರು. ಆ ಕುರ್ಚಿ ಇವತ್ತಿಗೂ ಖಾಲಿ. ಜೂನಿನಲ್ಲಿ ಐದನೇ ಕ್ಲಾಸಿನ ಮಾಸ್ಟ್ರಿಗೆ ವರ್ಗವಾಯಿತು. ನವೆಂಬರಿನಲ್ಲಿ ಇನ್ನೊಬ್ಬರು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿ ಮತದಾರರ ಪಟ್ಟಿಯ ಕೆಲಸಕ್ಕೆ ಹೋದರು. ಅವರು ಪೂರ್ತಿಯಾಗಿ ವಾಪಸು ಬಂದಿಲ್ಲ. ಕಾಗದದಲ್ಲಿ ಎಂಟು, ಶಾಲೆಯಲ್ಲಿ ಐದು. ಆ ಐವರಲ್ಲಿ ಒಬ್ಬರು ಹೆಡ್‌ಮಾಸ್ಟ್ರ ಚಾರ್ಜ್ ಹೊತ್ತ ಟೀಚರ್. ಅವರಿಗೆ 22 ವರ್ಷದ ಸರ್ವಿಸ್. ಈ ಪತ್ರದಲ್ಲಿ ‘ಟೀಚರ್’ ಎಂದರೆ ಅವರೇ.

118 ಮಕ್ಕಳಿಗೆ ಐದು ಮಂದಿ ಎಂದರೆ ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಸಣ್ಣ ಕ್ಲಾಸಿಗೆ 30 ಮಕ್ಕಳಿಗೆ ಒಬ್ಬರು, ದೊಡ್ಡ ಕ್ಲಾಸಿಗೆ 35ಕ್ಕೆ ಒಬ್ಬರು ಎಂದಿದೆ. ನಮ್ಮಲ್ಲಿ 24ಕ್ಕೂ ಕಡಿಮೆ ಬರುತ್ತದೆ. ಅಷ್ಟು ಭಾಗಾಕಾರ ನನಗೂ ಗೊತ್ತು. ಆದರೆ ಕ್ಲಾಸು ಏಳಿದೆ. ಒಂದನೇ ಕ್ಲಾಸಿನ 11 ಮಕ್ಕಳನ್ನೂ ಆರನೇ ಕ್ಲಾಸಿನ 19 ಮಕ್ಕಳನ್ನೂ ಸೇರಿಸಿದರೆ ಸರಿಯಾಗಿ 30 ಆಗುತ್ತದೆ. ಆ ಮೂವತ್ತು ಮಂದಿಗೆ ಒಟ್ಟಿಗೆ ಏನು ಪಾಠ ಮಾಡುವುದು ಹೇಳಿ.

ಸೆಪ್ಟೆಂಬರಿನಲ್ಲಿ, ಓಣಂ ಪರೀಕ್ಷೆಯ ಮಾರ್ಕು ಬಂದ ಮೇಲೆ, ರಕ್ಷಕರ ಸಭೆ ನಡೆಯಿತು. ಐದು, ಆರನೇ ಕ್ಲಾಸಿನ ಮಾರ್ಕು ನೋಡಿ ಎಲ್ಲರಿಗೂ ಸಿಟ್ಟು. ಒಬ್ಬರು ಎದ್ದು, “ನನ್ನ ಮಗನಿಗೆ ಭಾಗಾಕಾರ ಬರುವುದಿಲ್ಲ, ನಿಮಗೆಲ್ಲ ಸಂಬಳ ಯಾಕೆ?” ಎಂದು ಕೇಳಿದರು. ಇನ್ನೊಬ್ಬರು, “ನಿಮ್ಮ ಮಕ್ಕಳು ಎಲ್ಲಿ ಓದುವುದು ಟೀಚರೇ?” ಎಂದರು. ಟೀಚರ್ ಉತ್ತರ ಕೊಡಲಿಲ್ಲ. ಹಾಜರಿ ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟು ಕೂತರು. ಅಧ್ಯಕ್ಷನಾಗಿ ನಾನು ಸಮಾಧಾನ ಮಾಡಬೇಕಿತ್ತು, ಅಲ್ವಾ? ಮಾಡಲಿಲ್ಲ. ನನ್ನ ಮಗಳ ಮಾರ್ಕೂ ಹಾಗೇ ಇತ್ತು.

ಅಲ್ಲಿಗೇ ಬಿಡದೆ ಒಂದು ರಾತ್ರಿ, ಹತ್ತು ಗಂಟೆಯ ಹೊತ್ತಿಗೆ, ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಹಾಕಿದೆ. ಎರಡು ನಿಮಿಷಕ್ಕಿಂತ ಜಾಸ್ತಿ. “ಹೋಂವರ್ಕ್ ನೋಡುವುದಿಲ್ಲ, ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತೇ ಇಲ್ಲ, ಶಾಲೆಗೆ ಬರುವುದು ಸಹಿ ಹಾಕಲಿಕ್ಕಾ?” ಎಂದೆಲ್ಲ ಹೇಳಿದೆ. ಬೆಳಗ್ಗೆ ನೋಡಿದರೆ ಅದರ ಕೆಳಗೆ ಹದಿನಾಲ್ಕು ಹೆಬ್ಬೆರಳು. ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಟೀಚರ್ ಬೆಳಗ್ಗೆ 5 ಗಂಟೆಗೆ “ನೋಡುತ್ತೇನೆ” ಎಂದು ಒಂದೇ ಮಾತು ಬರೆದಿದ್ದರು. ಮುಂದಿನ ತಿಂಗಳು ಒಂಬತ್ತು ದಿನ ರಜೆ ಹಾಕಿದರು. ಬಿಪಿ ಏರಿತ್ತು, ಡಾಕ್ಟರು ಮಲಗಲು ಹೇಳಿದ್ದರು. ಗ್ರೂಪಿನಲ್ಲಿ ಮತ್ತೆ ಮಾತು: “ಬೇಸಗೆಯಲ್ಲಿ ಎರಡು ತಿಂಗಳು ರಜೆ, ಓಣಂಗೆ ರಜೆ, ಇನ್ನೂ ಸುಸ್ತಾ?” ಈ ಮಾತು ಹೇಳಿದ್ದು ನಾನಲ್ಲ. ಹೇಳಿದವರನ್ನು ತಡೆಯಲೂ ಇಲ್ಲ.

ಡಿಸೆಂಬರಿನ ಒಂದು ಗುರುವಾರ ಮಧ್ಯಾಹ್ನದೂಟದ ಲೆಕ್ಕಕ್ಕೆ ಸಹಿ ಹಾಕಲು ಶಾಲೆಗೆ ಹೋದೆ. ಐದು ನಿಮಿಷದ ಕೆಲಸ. ಎರಡು ಗಂಟೆ ಹೊತ್ತು ಅಲ್ಲೇ ಬಾಕಿಯಾದೆ.

ಐದನೇ ಮತ್ತು ಆರನೇ ಕ್ಲಾಸು ಒಂದೇ ಹಾಲಿನಲ್ಲಿ. ನಡುವೆ ಗೋಡೆಯ ಬದಲು ಒಂದು ಗೋದ್ರೆಜ್ ಕಪಾಟು. ಎರಡು ಬದಿಯಲ್ಲಿ ಎರಡು ಬೋರ್ಡು. ಎಡಗಡೆ ಐದನೆಯವರಿಗೆ ಲೆಕ್ಕ, ಬಲಗಡೆ ಆರನೆಯವರಿಗೆ ಸಮಾಜ. ಟೀಚರ್ ಇಲ್ಲಿ ನಾಲ್ಕು ಗೆರೆ ಬರೆದು ಅಲ್ಲಿಗೆ, ಅಲ್ಲಿ ಎರಡು ಪ್ರಶ್ನೆ ಕೇಳಿ ಇಲ್ಲಿಗೆ. ಕಪಾಟಿನ ಆ ಬದಿಯಲ್ಲಿದ್ದಾಗ ಈ ಬದಿಯವರು ಚಾಕ್‌ಪೀಸ್ ಎಸೆಯುತ್ತಿದ್ದರು. ಅಷ್ಟರಲ್ಲಿ ಕಛೇರಿಯಿಂದ ಫೋನು. ಯಾವುದೋ ಮಾಹಿತಿ ಮೂರು ಗಂಟೆಯೊಳಗೆ ಬೇಕು. ಯಾವ ಕ್ಲಾಸಿನಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು, ಯಾವ ವಿಭಾಗ. ಇದೇ ಮಾಹಿತಿ ಜೂನಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಕೊಟ್ಟಾಗಿದೆಯಂತೆ. ಫಾರ್ಮು ಮಲಯಾಳದಲ್ಲಿ. ನಮ್ಮಂಥ ಶಾಲೆಗೆ ಗುಮಾಸ್ತರಿಲ್ಲ. ಟೀಚರ್ ಬಾಗಿಲ ಹತ್ತಿರ ನಿಂತು, ಒಂದು ಕಣ್ಣು ಮಕ್ಕಳ ಮೇಲಿಟ್ಟು, ಮೊಬೈಲಿನಲ್ಲಿ ತುಂಬಿಸತೊಡಗಿದರು. ನಡುವೆ ತರಕಾರಿಯವನು ಬಂದ. ವಾರಕ್ಕೆ ಎರಡು ದಿನ ಹಾಲು, ಒಂದು ದಿನ ಮೊಟ್ಟೆ ಕೊಡಬೇಕಲ್ಲ, ಮೊಟ್ಟೆಯವನ ಬಾಕಿ ಕೇಳಲು ಅವನ ಹುಡುಗ ಬಂದ. ಇಲಾಖೆಯಿಂದ ದುಡ್ಡು ಬರುವ ತನಕ ಕೈಯಿಂದ ಹಾಕುವುದು ಚಾರ್ಜಿನಲ್ಲಿರುವವರು. ಒಂದನೇ ಕ್ಲಾಸಿನ ಮಗುವೊಂದು ವಾಂತಿ ಮಾಡಿತು. ಅದರ ಮುಖ ತೊಳೆಸಿ, ಮನೆಗೆ ಫೋನು ಮಾಡಿ, ಮತ್ತೆ ಕಪಾಟಿನ ಹತ್ತಿರ ಬಂದು, “ಎಲ್ಲಿಗೆ ನಿಲ್ಲಿಸಿದ್ದೆ ಮಕ್ಕಳೇ?” ಎಂದು ಕೇಳಿದರು. ಮಕ್ಕಳಿಗೂ ನೆನಪಿರಲಿಲ್ಲ.

ಮೂರು ಗಂಟೆ ದಾಟಿತ್ತು. ಮೇಜಿನ ಮೇಲೆ ಅವರ ಬುತ್ತಿ ಹಾಗೇ ಇತ್ತು. ಮುಚ್ಚಳದ ಸುತ್ತ ಇರುವೆ.

ಕೆಂಪು ಶಾಯಿಯ ಗುರುತು ಯಾಕಿಲ್ಲ ಎಂದು ನನಗೆ ಆ ದಿನ ಗೊತ್ತಾಯಿತು.

ಇನ್ನೊಂದು ಸಂಗತಿ. ಇದನ್ನು ಬರೆಯಬಹುದಾ ಎಂದು ಅವರಲ್ಲಿ ಕೇಳಿಯೇ ಬರೆಯುತ್ತಿದ್ದೇನೆ. ಜೂನಿನಲ್ಲಿ ನನ್ನ ಹೆಂಡತಿ ಹೊಲಿದುಕೊಟ್ಟ ನಾಲ್ಕು ಬ್ಲೌಸುಗಳನ್ನು ಟೀಚರ್ ಕ್ರಿಸ್‌ಮಸ್ ರಜೆಯಲ್ಲಿ ವಾಪಸು ತಂದರು. ಎಲ್ಲ ದೊಡ್ಡದಾಗಿತ್ತು. ಎರಡೂ ಬದಿಯಲ್ಲಿ ಒಂದೊಂದು ಇಂಚು ಹಿಡಿಯಬೇಕಾಯಿತು. ಹೆಂಡತಿ ಅಳತೆ ಪುಸ್ತಕದಲ್ಲಿ ಹಳೆಯದನ್ನು ಗೀಟು ಹಾಕಿ ಹೊಸದು ಬರೆದಳು. ಆರು ತಿಂಗಳಲ್ಲಿ ಒಬ್ಬರು ಎಷ್ಟು ಇಳಿದಿದ್ದಾರೆ ಎನ್ನುವುದಕ್ಕೆ ನನ್ನ ಹತ್ತಿರ ಇರುವ ದಾಖಲೆ ಅದು. ನಿಮ್ಮ ಹತ್ತಿರ ಆ ಕಾಲಮ್ಮಿನ ಫಾರ್ಮು ಇರಲಿಕ್ಕಿಲ್ಲ.

ಮಾನ್ಯರೇ, ನಮ್ಮ ಹೆಡ್‌ಮಾಸ್ಟ್ರು ನಿವೃತ್ತರಾದದ್ದು ಯಾರಿಗೂ ಗೊತ್ತಿಲ್ಲದ ಹಾಗೆ ನಡೆದ ಘಟನೆಯಾ? ಕೇರಳದಲ್ಲಿ ಅವರಂಥ ಹಳಬರಿಗೆ 56 ತುಂಬಿದರೆ ನಿವೃತ್ತಿ. ಕೆಲಸಕ್ಕೆ ಸೇರಿದ ದಿನವೇ ಹುಟ್ಟಿದ ದಿನ ಸರ್ವಿಸ್ ಬುಕ್ಕಿನಲ್ಲಿ ಬರೆಸಿರುತ್ತಾರೆ. ಅಂದರೆ ಈ ಮೇ 31ರ ತಾರೀಕು ಇಲಾಖೆಗೆ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಮದುವೆಯ ತಾರೀಕು ಗೊತ್ತಾದ ಮೇಲೆ ಯಾರಾದರೂ ಮದುಮಗನ ಶರ್ಟಿನ ಬಟ್ಟೆಯನ್ನು ಮದುವೆಯ ಮರುದಿನ ತಂದುಕೊಟ್ಟರೆ ನಾನು ಏನು ಮಾಡಲಿ? ಮೇ 31ಕ್ಕೆ ಖಾಲಿಯಾಗುವ ಕುರ್ಚಿಗೆ ಜೂನ್ 2ರ ಪ್ರವೇಶೋತ್ಸವದ ದಿನ ಜನ ಇರಬೇಕು. ಆ ದಿನ ಬಲೂನು ಕಟ್ಟಿದೆವು, ಪಾಯಸ ಮಾಡಿದೆವು, ಸಣ್ಣ ಮಕ್ಕಳಿಗೆ ಕಾಗದದ ಟೊಪ್ಪಿ ಹಾಕಿದೆವು. ಸ್ವಾಗತ ಮಾಡಬೇಕಾದ ಹೆಡ್‌ಮಾಸ್ಟ್ರು ಮಾತ್ರ ಇರಲಿಲ್ಲ.

ಅದೇ ಜೂನಿನಲ್ಲಿ ಇಲಾಖೆ ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡುತ್ತದೆ. ಆರನೇ ಕೆಲಸದ ದಿನದ ಲೆಕ್ಕ. ಆ ದಿನ ಶಾಲೆಯಲ್ಲಿ ಎಷ್ಟು ಮಕ್ಕಳೋ ಅದರ ಮೇಲೆ ಆ ವರ್ಷದ ಹುದ್ದೆ ತೀರ್ಮಾನ. ಈ ಹೆದರಿಕೆಗೆ ಟೀಚರುಗಳು ಬೇಸಗೆ ರಜೆಯಲ್ಲಿ ಮನೆ ಮನೆ ಹತ್ತಿ ಇಳಿಯುತ್ತಾರೆ. ರಜೆ ರಜೆ ಎನ್ನುತ್ತೇವಲ್ಲ, ಆ ರಜೆಯಲ್ಲಿ. ಹೋದ ಮೇ ತಿಂಗಳಲ್ಲಿ ಇಬ್ಬರು ಟೀಚರು ಕೊಡೆ ಹಿಡಿದು ನಮ್ಮ ಗುಡ್ಡೆಯ ಎಲ್ಲ ಮನೆಗೆ ಬಂದಿದ್ದರು. ಒಂದು ಮನೆಯಲ್ಲಿ ಬೆಲ್ಲ-ನೀರು ಕೊಟ್ಟರು, ಚಾ ಕೊಟ್ಟರು, ಮಗುವನ್ನು ಕೊಡಲಿಲ್ಲ. “ಇನ್ನು ನಿಮ್ಮ ಶಾಲೆಯಲ್ಲಿ ಮಾಸ್ಟ್ರುಗಳೇ ಇರುವುದಿಲ್ಲವಲ್ಲ” ಎಂದರಂತೆ. ಮಾಸ್ಟ್ರಿಲ್ಲ ಎಂದು ಮಕ್ಕಳು ಬರುವುದಿಲ್ಲ, ಮಕ್ಕಳಿಲ್ಲ ಎಂದು ಮಾಸ್ಟ್ರನ್ನು ಕೊಡುವುದಿಲ್ಲ. ಹುದ್ದೆ ತೆಗೆಯಲು ನಿಮಗೆ ಆರು ದಿನ ಸಾಕು. ತುಂಬಲು ಆರು ತಿಂಗಳು ಸಾಲದೇ?

ವರ್ಗವಾದ ಮಾಸ್ಟ್ರ ಜಾಗಕ್ಕೆ ದಿನಗೂಲಿಯ ಮೇಲೆ ಜನ ತೆಗೆದುಕೊಳ್ಳಿ ಎಂದು ಹೇಳಿದಿರಿ. ಜುಲೈಯಲ್ಲಿ ಸಂದರ್ಶನ ಇಟ್ಟೆವು. ಮೇಜಿನ ಈಚೆ ಬದಿಯಲ್ಲಿ ನಾನೂ ಕೂತಿದ್ದೆ. ಬಂದವರು ಇಬ್ಬರು. ಕನ್ನಡದಲ್ಲೇ ಕಲಿತ ಹುಡುಗಿ ಮರುದಿನ ಫೋನು ಮಾಡಿ, ಮಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿತು ಎಂದಳು. ಉಳಿದದ್ದು ಒಬ್ಬ ಹುಡುಗ. ಮನೆಮಾತು ಮಲಯಾಳ, ಕನ್ನಡ ಅಷ್ಟಕ್ಕಷ್ಟೆ. ಕ್ಲಾಸು ಖಾಲಿ ಬಿಡುವುದಕ್ಕಿಂತ ಆಗಬಹುದು ಎಂದು ನಾವೇ ಸಹಿ ಹಾಕಿದೆವು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಒಳ್ಳೆಯ ಹುಡುಗ. ಮಕ್ಕಳ ಜೊತೆ ಫುಟ್ಬಾಲ್ ಆಡುತ್ತಿದ್ದ. ಆದರೆ ಮಲಯಾಳದಲ್ಲಿ ಭಾಗಾಕಾರಕ್ಕೆ ‘ಹರಣ’ ಎನ್ನುತ್ತಾರೆ. ಮೊದಲ ದಿನ ಬೋರ್ಡಿನ ಮೇಲೆ ‘ಹರಣ’ ಎಂದು ಹೇಳಿ ಶುರು ಮಾಡಿದ್ದೇ ತಡ, ಹಿಂದಿನ ಬೆಂಚಿನಿಂದ “ಸೀತಾಪಹರಣ!” ಎಂದು ಒಬ್ಬ ಕೂಗಿದ. ನಮ್ಮ ಮಕ್ಕಳು ಯಕ್ಷಗಾನದ ಚೌಕಿಯಲ್ಲೇ ದೊಡ್ಡವರಾದವರು, ಅವರಿಗೆ ಗೊತ್ತಿರುವ ಹರಣ ಅದೊಂದೇ. ಆಮೇಲೆ ಅವನು ‘ಹರಿಕ್ಕಣಂ’ ಎಂದ. ಭಾಗಿಸಬೇಕು ಎಂದು ಅರ್ಥ. ಒಬ್ಬಳು ಎದ್ದು ನಿಂತು, “ಯಾವುದನ್ನು ಹರಿಯುವುದು ಮಾಸ್ಟ್ರೇ, ಪುಸ್ತಕವನ್ನಾ?” ಎಂದು ಗಂಭೀರವಾಗಿ ಕೇಳಿದಳಂತೆ. ಮಗಳು ಮನೆಯಲ್ಲಿ ಇದನ್ನು ಹೇಳಿದಾಗ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಸೆಪ್ಟೆಂಬರಿನ ಮಾರ್ಕು ನೋಡಿದಾಗ ನಗು ಬರಲಿಲ್ಲ. ಸಭೆಯಲ್ಲಿ “ಭಾಗಾಕಾರ ಬರುವುದಿಲ್ಲ” ಎಂದು ಟೀಚರನ್ನು ಹಿಡಿದು ಜಾಡಿಸಿದೆವಲ್ಲ, ಆ ಭಾಗಾಕಾರ ಹಾಳಾದದ್ದು ಇಲ್ಲಿ.

ಆ ಹುಡುಗ ಎರಡನೇ ಕ್ಲಾಸಿನ ಮಕ್ಕಳ ಹತ್ತಿರ ಕೂತು ಕನ್ನಡ ಅಕ್ಷರ ಬರೆಯಲು ಕಲಿಯುತ್ತಿದ್ದ ಎಂದೂ ಹೇಳಬೇಕು. ಅವನಿಗೆ ಮೊದಲ ಸಂಬಳ ಕೈಗೆ ಬಂದದ್ದು ಓಣಂ ಕಳೆದ ಮೇಲೆ. ಮಳೆಗೆ ರೆಡ್ ಅಲರ್ಟ್ ಬಂದು ಶಾಲೆಗೆ ರಜೆ ಕೊಟ್ಟರೆ ಮಕ್ಕಳಿಗೆ ಹಬ್ಬ, ಅವನಿಗೆ ಆ ದಿನದ ಕೂಲಿ ಇಲ್ಲ. ಜುಲೈಯ ಮಳೆ ನಿಮಗೂ ಗೊತ್ತಲ್ಲ. ಸೆಪ್ಟೆಂಬರ್ ಕೊನೆಗೆ ಬೇರೆ ಕೆಲಸ ಸಿಕ್ಕಿ ಹೋದ. ಯಾಕೆ ಹೋದೆ ಎಂದು ಅವನನ್ನು ಕೇಳುವ ಮುಖ ನಮಗೆ ಇರಲಿಲ್ಲ. ಆಮೇಲೆ ಯಾರೂ ಬಂದಿಲ್ಲ. ಆಗಿನಿಂದ ಐದನೇ ಕ್ಲಾಸೂ ಟೀಚರ ಹೆಗಲಿಗೆ, ಕಪಾಟಿನ ಆಚೆ ಬದಿಗೆ.

ನಮ್ಮದು ದಿನಗೂಲಿಯ ಕತೆ. ಆದರೆ ಖಾಯಂ ಹುದ್ದೆಗೇ, ಕನ್ನಡ ಮಾಧ್ಯಮಕ್ಕೇ, ಕನ್ನಡ ಸರಿಯಾಗಿ ಬಾರದವರು ನೇಮಕವಾಗಿ ಬಂದದ್ದು, ಮಕ್ಕಳು ಕ್ಲಾಸು ಬಿಟ್ಟು ಹೊರಗೆ ಕೂತದ್ದು, ರಕ್ಷಕರು ಗೇಟಿನಲ್ಲಿ ನಿಂತದ್ದು, ಕೋರ್ಟಿನವರೆಗೆ ಹೋದದ್ದು ನಮ್ಮ ಜಿಲ್ಲೆಯಲ್ಲಿ ಒಂದಲ್ಲ ಎರಡಲ್ಲ. ಅಲ್ಲಿಗೆ ಬಂದ ಅಧ್ಯಾಪಕರೂ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆ ಪಾಸಾಗಿ, ಆರ್ಡರ್ ಹಿಡಿದುಕೊಂಡು ಬಂದವರು. ಗೇಟಿನಲ್ಲಿ ನಿಂತು ಅವರನ್ನು ಬೈಯುವುದು ಸುಲಭ. ಕನ್ನಡ ಮಾಧ್ಯಮದ ಕ್ಲಾಸಿಗೆ ಕಳುಹಿಸುವ ಮೊದಲು ಇವರಿಗೆ ಕನ್ನಡದಲ್ಲಿ ಪಾಠ ಮಾಡಲು ಬರುತ್ತದಾ ಎಂದು ನೋಡಬೇಕಾದವರು ಯಾರು?

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಕಡಿಮೆ. ತುಳು, ಬ್ಯಾರಿ, ಮರಾಟಿ, ಮಲಯಾಳ, ಕೊಂಕಣಿ. ಒಂದನೇ ಕ್ಲಾಸಿನ ಟೀಚರ್ ತುಳುವಿನಲ್ಲಿ “ಇಡೆ ಬಲ” ಎಂದು ಕರೆದು ಹತ್ತಿರ ಕೂರಿಸಿ, ಅಲ್ಲಿಂದ “ಇಲ್ಲಿ ಬಾ”ಗೆ ತರಬೇಕು. ಇದು ಬರಿಯ ಡಿಗ್ರಿಯಿಂದ ಬರುವ ಕೆಲಸ ಅಲ್ಲ, ಇಲ್ಲಿಯ ಅಂಗಳದಲ್ಲಿ ಆಡಿದವರಿಗೆ ಬರುವ ಕೆಲಸ. ಸಪ್ತಭಾಷೆಗಳ ಸಂಗಮಭೂಮಿ ಎಂದು ಪ್ರತಿ ಭಾಷಣದಲ್ಲೂ ಹೇಳುತ್ತೀರಿ. ಆ ಏಳು ಭಾಷೆ ಬೆಳಗ್ಗೆ ಹತ್ತು ಗಂಟೆಗೆ ಒಂದು ಕೋಣೆಯಲ್ಲಿ ಕೂತಾಗ ಏನಾಗುತ್ತದೆ ಎಂದು ಒಮ್ಮೆ ಬಂದು ನೋಡಿ.

ಈ ಪತ್ರದಲ್ಲಿ ಗಡಿ ವಿಷಯ ಎತ್ತುವುದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಎಂದ ಮಹಾಜನ ವರದಿ, ಇದನ್ನೆಲ್ಲ ಹೇಳುವವರು ಬೇರೆ ಇದ್ದಾರೆ. ಆದರೆ ಒಂದು ಮಾತು. ಅದೇ 1956ರಲ್ಲಿ ಸಂವಿಧಾನಕ್ಕೆ ಏಳನೇ ತಿದ್ದುಪಡಿ ಮಾಡಿ 350ಎ ವಿಧಿ ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಬೇಕಾದ ಸೌಕರ್ಯ ಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದರಲ್ಲಿದೆ. ರಾಜ್ಯಗಳನ್ನು ಕತ್ತರಿಸಿ ಹೊಲಿದವರಿಗೆ ಅಂಚಿನಲ್ಲಿ ತುಂಡುಗಳು ಉಳಿಯುತ್ತವೆ ಎಂದು ಗೊತ್ತಿತ್ತು. ಆ ತುಂಡುಗಳಿಗೆ ಮಾಡಿದ ವ್ಯವಸ್ಥೆ ಅದು. ಕಟ್ಟಡ ಇದೆ, ಬೋರ್ಡಿನಲ್ಲಿ ಕನ್ನಡ ಇದೆ, ಪುಸ್ತಕವೂ ಕನ್ನಡದಲ್ಲಿ ಬರುತ್ತದೆ. ಪಾಠ ಮಾಡುವ ಜನ ಇಲ್ಲದಿದ್ದರೆ ಅದನ್ನು ಸೌಕರ್ಯ ಎನ್ನುವುದಾ?

ಚುನಾವಣೆ, ಜನಗಣತಿ, ವಿಪತ್ತಿನ ಕೆಲಸಕ್ಕೆ ಅಧ್ಯಾಪಕರನ್ನು ಕರೆಯಬಹುದು ಎಂದು ಶಿಕ್ಷಣ ಹಕ್ಕು ಕಾಯಿದೆಯ 27ನೇ ಸೆಕ್ಷನ್ನಿನಲ್ಲೇ ಇದೆ. ಹಾಗಾಗಿ ಬಿಎಲ್‌ಒ ಕೆಲಸ ತಪ್ಪು ಎಂದು ನಾನು ವಾದ ಮಾಡುವುದಿಲ್ಲ. ಡಿಸೆಂಬರಿನಲ್ಲಿ ಪಂಚಾಯತ್ ಚುನಾವಣೆ ಆಯಿತು, ಇನ್ನು ವಿಧಾನಸಭೆ, ಅದರ ಬೆನ್ನಿಗೆ ಜನಗಣತಿ. ಎಂಟು ಮಂದಿ ಇರುವಲ್ಲಿಂದ ಒಬ್ಬರನ್ನು ಕರೆದರೆ ಏಳು ಉಳಿಯುತ್ತದೆ. ಆರು ಇರುವಲ್ಲಿಂದಲೂ ಅದೇ ಒಬ್ಬರನ್ನು ಕರೆಯುವುದು ಯಾವ ನ್ಯಾಯ?

ಇದರ ಮೇಲೆ ಈಗ ಟಿಇಟಿ, ಅಂದರೆ ಅಧ್ಯಾಪಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಬಾಕಿ ಇರುವವರು ಎರಡು ವರ್ಷದೊಳಗೆ ಅದನ್ನು ಪಾಸಾಗಬೇಕು. ನಮ್ಮ ಟೀಚರಿಗೆ ಎಂಟು ವರ್ಷ ಬಾಕಿ. ಪರೀಕ್ಷೆ ಬೇಡ ಎಂದು ನಾನು ಹೇಳಲು ಹೋಗುವುದಿಲ್ಲ, ಅದು ನನ್ನ ತಲೆಗೆ ಮೀರಿದ ವಿಷಯ. ಅವರು ಯಾವಾಗ ಓದುತ್ತಾರೆ ಎನ್ನುವುದು ಮಾತ್ರ ನನ್ನ ಪ್ರಶ್ನೆ. ಅಧ್ಯಾಪಕರ ಕೈಪಿಡಿ ಮೊದಲು ಮಲಯಾಳದಲ್ಲಿ ಬರುತ್ತದೆ, ತರಬೇತಿಯ ನೋಟ್ಸೂ ಮಲಯಾಳದಲ್ಲಿ. ರಾತ್ರಿ ಕೂತು ಅದನ್ನು ಕನ್ನಡಕ್ಕೆ ಬರೆದುಕೊಂಡು ಬೆಳಗ್ಗೆ ಪಾಠ. ನನ್ನ ವಾಯ್ಸ್ ಮೆಸೇಜು ಅವರನ್ನು ಮುಟ್ಟಿದ್ದೂ ಅಂಥ ಒಂದು ರಾತ್ರಿಯಲ್ಲಿ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಈ ಮೇ 31ಕ್ಕೆ ಯಾವ ಯಾವ ಕನ್ನಡ ಶಾಲೆಯಲ್ಲಿ ಯಾರು ಯಾರು ನಿವೃತ್ತರಾಗುತ್ತಾರೆ ಎನ್ನುವ ಪಟ್ಟಿಯನ್ನು ಈಗಲೇ ಹೊರಗೆ ಹಾಕಿ. ಅದರ ಪಕ್ಕದಲ್ಲೇ ಆ ಖಾಲಿ ಹುದ್ದೆಯನ್ನು ಪಿಎಸ್‌ಸಿಗೆ ತಿಳಿಸಿದ ತಾರೀಕೂ ಇರಲಿ. ಆ ತಾರೀಕು ಕಂಡರೆ ನಾವು ಟೀಚರ ಹತ್ತಿರ ಜ‌ಗಳಕ್ಕೆ ಹೋಗುವುದಿಲ್ಲ, ಎಲ್ಲಿಗೆ ಹೋಗಬೇಕು ಎಂದು ನಮಗೆ ಗೊತ್ತಾಗುತ್ತದೆ. ಹೆಡ್‌ಮಾಸ್ಟ್ರ ಬಡ್ತಿಯ ಕಾಗದ ಜೂನ್ 1ರ ಮೊದಲು ಹೊರಡಲಿ. ಕನ್ನಡ ಮಾಧ್ಯಮಕ್ಕೆ ಖಾಯಮ್ಮಾಗಿ ಬರುವವರಿರಲಿ, ದಿನಗೂಲಿಯವರಿರಲಿ, ನೇಮಕದ ಮೊದಲು ಹತ್ತು ನಿಮಿಷ ಮೂರನೇ ಕ್ಲಾಸಿನ ಮಕ್ಕಳೆದುರು ಭಾಗಾಕಾರ ಹೇಳಿಕೊಡಲಿ. ಸರ್ಟಿಫಿಕೇಟು ನೋಡುವುದಕ್ಕಿಂತ ಇದು ಸುಲಭ. ಮಕ್ಕಳೇ ಮಾರ್ಕು ಹಾಕುತ್ತಾರೆ.

ದಿನಗೂಲಿಯವರಿಗೆ ತಿಂಗಳು ತಿಂಗಳು ದುಡ್ಡು ಸಿಗಲಿ. ಮಳೆ ರಜೆಗೆ ಕೂಲಿ ಕಡಿಯುವುದು ನಿಲ್ಲಲಿ. ನಾಲ್ಕೈದು ಪ್ರೈಮರಿ ಶಾಲೆಗೆ ಸೇರಿ ಒಬ್ಬ ಗುಮಾಸ್ತರನ್ನು ಕೊಡಿ, ಮಾಹಿತಿ ಏನಿದ್ದರೂ ಅವರ ಹತ್ತಿರ ಕೇಳಿ. ಅದಾಗುವ ತನಕ ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಶಾಲೆಗೆ ಫೋನು ಮಾಡಿ ‘ಅರ್ಜೆಂಟ್’ ಎನ್ನಬೇಡಿ. ಮೂರು ಸಲ ಕೊಟ್ಟ ಲೆಕ್ಕವನ್ನು ನಾಲ್ಕನೇ ಸಲ ಕೇಳುವ ಮೊದಲು ನಿಮ್ಮಲ್ಲೇ ಹುಡುಕಿ ನೋಡಿ. ಕೈಪಿಡಿ ಮಕ್ಕಳ ಪುಸ್ತಕದ ಜೊತೆಗೇ ಕನ್ನಡದಲ್ಲಿ ಬರಲಿ.

ಇನ್ನು ಪ್ರತಿ ಹೋಗುವವರಿಗೆ, ಅಂದರೆ ನಮ್ಮವರಿಗೆ, ಎರಡು ಮಾತು.

ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಸಿಟ್ಟು ಸುಳ್ಳಲ್ಲ. ಆರನೇ ಕ್ಲಾಸಿನ ಮಗುವಿಗೆ ಭಾಗಾಕಾರ ಬರಬೇಕು. ಆದರೆ ನಾವು ಆ ಸಿಟ್ಟನ್ನು ಕೈಗೆ ಸಿಕ್ಕಿದವರ ಮೇಲೆ ತೀರಿಸಿಕೊಂಡೆವು. ಹುದ್ದೆ ಖಾಲಿ ಬಿಟ್ಟವರು ನಮ್ಮ ಗ್ರೂಪಿನಲ್ಲಿಲ್ಲ. ಶಾಲೆಗೆ ಬಂದವರನ್ನು ‘ಯಾಕೆ ಇಷ್ಟೇ ಮಾಡಿದಿರಿ’ ಎಂದು ಕೇಳಿದೆವು, ಬಾರದವರನ್ನು ಕೇಳಲು ನಮ್ಮ ಹತ್ತಿರ ನಂಬರೇ ಇರಲಿಲ್ಲ. ರಾತ್ರಿ ಎಂಟರ ಮೇಲೆ ಗ್ರೂಪಿನಲ್ಲಿ ಯಾರೂ ಏನೂ ಹಾಕಬಾರದು ಎಂದು ಹೋದ ವಾರದ ಸಮಿತಿಯಲ್ಲಿ ತೀರ್ಮಾನ ಮಾಡಿದ್ದೇವೆ. ದೂರು ಇದ್ದರೆ ನನ್ನ ಅಂಗಡಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ, ಬರೆಯಿರಿ. ತಿಂಗಳಿಗೊಮ್ಮೆ ನಾನೇ ತೆಗೆದುಕೊಂಡು ಹೋಗುತ್ತೇನೆ. ವಾರಕ್ಕೊಂದು ಪೀರಿಯಡ್ ಆ ಹಾಲಿನಲ್ಲಿ ಸುಮ್ನೆ ಕೂತು, ಚಾಕ್‌ಪೀಸ್ ಎಸೆಯದಂತೆ ನೋಡಿಕೊಳ್ಳುವವರು ಹೆಸರು ಕೊಡಿ. ಈಗ ನಾಲ್ಕು ಮಂದಿ ಅಮ್ಮಂದಿರ ಹೆಸರಿದೆ. ಗಂಡಸರದ್ದು ನನ್ನದೊಂದೇ.

ನವೆಂಬರ್ 1ಕ್ಕೆ ಮೈಕಿನ ಮುಂದೆ ಕನ್ನಡ ಉಳಿಸಿ ಎನ್ನುವ ಹಿರಿಯರಿಗೂ ಇದರ ಪ್ರತಿ ತಲುಪಲಿ. ನಿಮ್ಮಲ್ಲಿ ಹಲವರ ಮೊಮ್ಮಕ್ಕಳ ಅಳತೆ ನನ್ನ ಪುಸ್ತಕದಲ್ಲಿದೆ. ಯಾವ ಬಣ್ಣದ ಯೂನಿಫಾರ್ಮು ಎಂದು ಇಲ್ಲಿ ಬರೆಯುವುದಿಲ್ಲ.

ಟೀಚರ ಹತ್ತಿರ ಹೋಗಿ ವಾಯ್ಸ್ ಮೆಸೇಜಿನ ಬಗ್ಗೆ ತಪ್ಪಾಯಿತು ಎಂದೆ. “ಅದಿರಲಿ, ಆರನೇ ಕ್ಲಾಸಿನ ಕಿಟಕಿಗೆ ಪರದೆ ಬೇಕಿತ್ತು, ಮಧ್ಯಾಹ್ನ ಬೋರ್ಡಿಗೆ ಬಿಸಿಲು ಬಿದ್ದು ಮಕ್ಕಳಿಗೆ ಕಾಣುವುದಿಲ್ಲ” ಎಂದರು. ಎರಡು ಪರದೆ ಹೊಲಿದು ಹಾಕಿದ್ದೇನೆ.

ಮಾನ್ಯರೇ, ಬರುವ ಜೂನಿನ ಆರನೇ ಕೆಲಸದ ದಿನ ನಮ್ಮ ಮಕ್ಕಳ ಲೆಕ್ಕ ತೆಗೆಯುವಾಗ, ಕ್ಲಾಸಿನಲ್ಲಿ ನಿಂತಿರುವ ಅಧ್ಯಾಪಕರ ಲೆಕ್ಕವನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಿ. ಈ ಪತ್ರದ ಮಲಯಾಳ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಟೀಚರ ಹತ್ತಿರ ಮಾಡಿಸಿದ್ದಲ್ಲ, ಪ್ಲಸ್ ಟು ಓದುವ ನನ್ನ ದೊಡ್ಡ ಮಗಳು ಮಾಡಿದ್ದು.

ಇಂತಿ ತಮ್ಮ ವಿಶ್ವಾಸಿ,
ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷ
ಗಡಿ ಪಂಚಾಯತಿನ ಒಂದು ಸರ್ಕಾರಿ ಕನ್ನಡ ಮಾಧ್ಯಮ ಯು.ಪಿ. ಶಾಲೆ, ಕಾಸರಗೋಡು ಜಿಲ್ಲೆ
ಜನವರಿ 2026